ನಿಂಬೆಯ ಸಿಪ್ಪೆ, ನೀಲಗಿರಿಯ ಸೀಸೆ: ಪ್ರಯಾಣದ ಕಿರಿಕಿರಿಗೆ ಸುಗಂಧ ತೈಲಗಳು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳೂ ದಾರಿಯ ಮೇಲೆ ಬೆಳೆದ ಊರುಗಳು. ನೆಲಮಂಗಲದಲ್ಲಿ ತುಮಕೂರಿನ ಹೆದ್ದಾರಿಯಿಂದ ಹಾಸನ, ಮಂಗಳೂರಿನ ಹೆದ್ದಾರಿ ಕವಲೊಡೆಯುತ್ತದೆ; ಹೊಸಕೋಟೆಯನ್ನು ಹಾದು ಕೋಲಾರದ ಕಡೆಗಿನ ವಾಹನಗಳು ಸಾಗುತ್ತವೆ; ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯಕ್ಕೂ ನಂದಿಬೆಟ್ಟಕ್ಕೂ ಜನ ಹೊರಡುತ್ತಾರೆ; ದೇವನಹಳ್ಳಿಯಲ್ಲಂತೂ 2008ರ ಮೇ 24ರಂದು ಆರಂಭವಾದ ವಿಮಾನ ನಿಲ್ದಾಣವೇ ಇದೆ. ಇಷ್ಟು ಪ್ರಯಾಣವಿರುವಲ್ಲಿ ಹೊಟ್ಟೆ ತೊಳಸುವುದು, ತಲೆ ಸಿಡಿಯುವುದು, ಮೂಗು ಕಟ್ಟುವುದು, ನಿದ್ದೆ ಕೆಡುವುದು ಇವೂ ಇರಲೇಬೇಕು. ಇವುಗಳಿಗೆ ಪರಿಹಾರವೆಂದು ಔಷಧದ ಅಂಗಡಿಗಳಲ್ಲಿ ಈಗ ಪುಟ್ಟ ಸೀಸೆಗಳಲ್ಲಿ ಮಾರಾಟವಾಗುವ ‘ಎಸೆನ್ಶಿಯಲ್ ಆಯಿಲ್’, ಅಂದರೆ ಸುಗಂಧ ತೈಲ, ಹೆಸರಿನಲ್ಲಿ ಹೊಸದಾದರೂ ಬಳಕೆಯಲ್ಲಿ ಹೊಸದೇನಲ್ಲ. ಬಸ್ಸು ಹತ್ತುವಾಗ ಕೈಯಲ್ಲಿ ಹಿಡಿದುಕೊಳ್ಳುವ ನಿಂಬೆಹಣ್ಣಿನೊಳಗೆ ಇರುವುದೂ ಅದೇ ವಸ್ತುವೇ.

ಸುಗಂಧ ತೈಲವೆಂದರೆ ಕಡಲೆಕಾಯಿ ಎಣ್ಣೆಯಂಥ ಜಿಡ್ಡಲ್ಲ. ಎಲೆ, ಹೂವು, ಸಿಪ್ಪೆ, ಬೇರು ಅಥವಾ ಕಟ್ಟಿಗೆಯಲ್ಲಿ ಅಡಗಿರುವ, ಗಾಳಿಗೆ ತೆರೆದಿಟ್ಟರೆ ಆವಿಯಾಗಿ ಹಾರಿಹೋಗುವ ಹತ್ತಾರು ರಾಸಾಯನಿಕಗಳ ಮಿಶ್ರಣವದು. ಸಸ್ಯಭಾಗವನ್ನು ನೀರಿನ ಹಬೆಯಲ್ಲಿ ಬೇಯಿಸಿ, ಹಬೆಯೊಂದಿಗೆ ಮೇಲೆದ್ದ ಗಂಧವನ್ನು ತಣಿಸಿ, ನೀರಿನಿಂದ ಬೇರ್ಪಟ್ಟ ಎಣ್ಣೆಯನ್ನು ಸಂಗ್ರಹಿಸುವ ಕ್ರಮಕ್ಕೆ ಬಟ್ಟಿ ಇಳಿಸುವುದು ಎನ್ನುತ್ತಾರೆ. ಈ ವಿದ್ಯೆ ಕರ್ನಾಟಕಕ್ಕೆ ಅಪರಿಚಿತವಲ್ಲ. ಮೊದಲ ಮಹಾಯುದ್ಧದಿಂದಾಗಿ ಶ್ರೀಗಂಧದ ಕೊರಡುಗಳು ಯೂರೋಪಿಗೆ ಹೋಗುವುದು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಗಂಧದ ಎಣ್ಣೆ ತೆಗೆಯಲು ಕೈಹಾಕಿತು. ಇಂದು ಬೆಂಗಳೂರಿನಿಂದ ದೇವನಹಳ್ಳಿಯ ಕಡೆಗೆ ಹೋಗುವಾಗ ಸಿಗುವ ಅಲ್ಲಾಳಸಂದ್ರದಲ್ಲಿ, ಔಷಧೀಯ ಮತ್ತು ಸುಗಂಧ ಸಸ್ಯಗಳಿಗೆಂದೇ ಇರುವ ಕೇಂದ್ರೀಯ ಸಂಸ್ಥೆಯಾದ ಸೀಮ್ಯಾಪ್‌ನ ಸಂಶೋಧನಾ ಕೇಂದ್ರವಿದೆ. ನಿಂಬೆಹುಲ್ಲಿನಂಥ ಬೆಳೆಯಲ್ಲಿಯೂ ನೂರು ಕಿಲೋ ಹಸಿ ಹುಲ್ಲನ್ನು ಬಟ್ಟಿಗೆ ಹಾಕಿದರೆ ದೊರೆಯುವ ಎಣ್ಣೆ ಅರ್ಧ ಕಿಲೋದಷ್ಟೇ. ಈ ಒಂದು ಲೆಕ್ಕವನ್ನು ನೆನಪಿಟ್ಟುಕೊಂಡರೆ ಮುಂದಿನ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ: ಎಲೆಯಲ್ಲಿ ಸಾಧುವಾಗಿದ್ದದ್ದು ಸೀಸೆಯಲ್ಲಿ ಹತ್ತಾರು, ನೂರಾರು ಪಟ್ಟು ಗಟ್ಟಿಯಾಗಿ ಕುಳಿತಿರುತ್ತದೆ.

ಪ್ರಯಾಣದ ತೊಂದರೆಗಳಲ್ಲಿ ಮೊದಲನೆಯದು ವಾಕರಿಕೆ. ನೆಲಮಂಗಲದಿಂದ ಹೊರಟ ಧರ್ಮಸ್ಥಳದ ಬಸ್ಸು ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿಯುವಾಗ, ಅಥವಾ ಕಾರೊಂದು ನಂದಿಬೆಟ್ಟದ ಹೇರ್‌ಪಿನ್ ತಿರುವುಗಳನ್ನು ಏರುವಾಗ, ಒಳಗಿವಿಯಲ್ಲಿರುವ ಸಮತೋಲನದ ಅಂಗವು ದೇಹ ಓಲಾಡುತ್ತಿದೆಯೆಂದು ಮಿದುಳಿಗೆ ತಿಳಿಸುತ್ತಿರುತ್ತದೆ. ಎದುರಿನ ಸೀಟಿನ ಬೆನ್ನನ್ನೋ ಮೊಬೈಲಿನ ಪರದೆಯನ್ನೋ ನೋಡುತ್ತಿರುವ ಕಣ್ಣು ಮಾತ್ರ ಎಲ್ಲವೂ ಸ್ಥಿರವಾಗಿದೆಯೆಂದು ಹೇಳುತ್ತದೆ. ಈ ಎರಡು ಸುದ್ದಿಗಳ ತಾಳೆಗೆಟ್ಟ ಸ್ಥಿತಿಯೇ ತಲೆಸುತ್ತು, ಬೆವರು, ಕೊನೆಗೆ ವಾಂತಿಯಾಗಿ ಹೊರಬೀಳುತ್ತದೆ ಎಂಬುದು ವಿಜ್ಞಾನಿಗಳು ಹೆಚ್ಚಾಗಿ ಒಪ್ಪಿರುವ ವಿವರಣೆ. ಡೀಸೆಲ್ ಹೊಗೆ, ಬಿಸಿಯಾದ ರೆಕ್ಸಿನ್, ಪಕ್ಕದವರ ಊಟದ ಡಬ್ಬಿ ಇವುಗಳ ವಾಸನೆ ಸೇರಿದರೆ ಸಂಕಟ ಬೇಗ ಉಲ್ಬಣಿಸುತ್ತದೆ.

ಇಲ್ಲಿಯೇ ನಿಂಬೆಹಣ್ಣು ಉಪಯೋಗಕ್ಕೆ ಬರುವುದು. ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಅದರ ಹೊರಪದರದಲ್ಲಿರುವ ಎಣ್ಣೆಯ ಗ್ರಂಥಿಗಳು ಒಡೆದು, ಲಿಮೊನೀನ್ ಎಂಬ ವಸ್ತು ಪ್ರಧಾನವಾಗಿರುವ ಸುಗಂಧ ತೈಲ ಸಣ್ಣ ತುಂತುರಾಗಿ ಹೊರಚಿಮ್ಮುತ್ತದೆ. ಕೆಟ್ಟ ವಾಸನೆಯನ್ನು ಅದು ಮುಚ್ಚುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಇದೆ. ಹಣ್ಣನ್ನು ಮೂಸುವವರು ಅರಿವಿಲ್ಲದೆಯೇ ಕಣ್ಣು ಮುಚ್ಚಿ ನಿಧಾನವಾಗಿ, ಆಳವಾಗಿ ಉಸಿರೆಳೆಯುತ್ತಾರೆ, ಮತ್ತು ಹಾಗೆ ಹದವಾಗಿ ಉಸಿರಾಡುವುದೇ ವಾಕರಿಕೆಯನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ಸುವಾಸನೆಗಳ ಬಳಕೆಯನ್ನು ಕುರಿತು 2018ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ, ಅಂದರೆ ಆವರೆಗಿನ ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತೂಗಿನೋಡುವ ಅಧ್ಯಯನ, ಪೆಪ್ಪರ್‌ಮಿಂಟ್ ಎಣ್ಣೆಯನ್ನು ಮೂಸುವುದರಿಂದ ಬರಿಯ ಉಪ್ಪುನೀರಿಗಿಂತ ಹೆಚ್ಚಿನ ಪ್ರಯೋಜನವನ್ನು ಕಾಣಲಿಲ್ಲ. ಆದ್ದರಿಂದ ಘಾಟಿಯ ರಸ್ತೆಯಲ್ಲಿ ದುಬಾರಿ ಸೀಸೆಗೂ ಒಂದು ನಿಂಬೆಹಣ್ಣಿಗೂ ಹೇಳಿಕೊಳ್ಳುವಂಥ ಅಂತರವಿದೆಯೆಂದು ನಂಬಲು ಕಾರಣವಿಲ್ಲ. ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆಯನ್ನು ನೋಡುವುದು ಎರಡಕ್ಕಿಂತಲೂ ಮೇಲು.

ಶುಂಠಿಯ ವಿಷಯದಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಿರುಗುವ ಕುರ್ಚಿಯಲ್ಲಿ ಕೂರಿಸಿದವರಿಗೆ ವಾಂತಿಯ ಮಾತ್ರೆಗಿಂತ ಶುಂಠಿಯ ಪುಡಿಯೇ ಹೆಚ್ಚು ನೆರವಾಯಿತೆಂದು ವರದಿಯಾಯಿತು. ಬಳಿಕ ನಡೆದ ಎಲ್ಲ ಪ್ರಯೋಗಗಳೂ ಅದನ್ನು ಎತ್ತಿಹಿಡಿಯಲಿಲ್ಲವಾದರೂ ಶುಂಠಿಯ ಹೆಸರು ಉಳಿದುಕೊಂಡಿತು. ಆದರೆ ಅಲ್ಲಿ ಬಳಸಿದ್ದು ಪುಡಿಯೇ ಹೊರತು ಎಣ್ಣೆಯಲ್ಲ. ಶುಂಠಿಗೆ ಖಾರ ಕೊಡುವ ಜಿಂಜೆರಾಲ್ ಎಂಬ ಸಾರವು ಹಬೆಯೊಂದಿಗೆ ಏಳುವ ಜಾತಿಯದಲ್ಲ. ಬಟ್ಟಿ ಇಳಿಸಿದಾಗ ಅದು ಪಾತ್ರೆಯ ತಳದಲ್ಲೇ ಉಳಿದು, ಪರಿಮಳ ಮಾತ್ರ ಸೀಸೆಗೆ ಬರುತ್ತದೆ. ಹೀಗಾಗಿ ಶುಂಠಿಯ ಎಣ್ಣೆಯನ್ನು ಮೂಸಿದವರಿಗೆ ಶುಂಠಿ ತಿಂದ ಗುಣ ಸಿಗಬೇಕೆಂದಿಲ್ಲ. ಒಣಶುಂಠಿಯ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಹೊರಡುವ ಹಳೆಯ ರೂಢಿಗೆ ಈ ದೃಷ್ಟಿಯಿಂದ ಸೀಸೆಗಿಂತ ಗಟ್ಟಿಯಾದ ಆಧಾರವಿದೆ.

ತಲೆನೋವಿನ ಮಟ್ಟಿಗೆ ಎಣ್ಣೆಗೆ ಸಲ್ಲುವ ಗೌರವವನ್ನು ಸಲ್ಲಿಸಬೇಕು. ಜರ್ಮನಿಯಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು, ಶೇ. 10ರಷ್ಟು ಪೆಪ್ಪರ್‌ಮಿಂಟ್ ಎಣ್ಣೆ ಬೆರೆಸಿದ ದ್ರಾವಣವನ್ನು ಹಣೆ ಮತ್ತು ಕಣತಲೆಗೆ ಹಚ್ಚಿದಾಗ, ಬಿಗಿತದಿಂದ ಬರುವ ಸಾಮಾನ್ಯ ತಲೆನೋವಿಗೆ 1000 ಮಿಲಿಗ್ರಾಂ ಪ್ಯಾರಾಸಿಟಮಾಲ್‌ನಷ್ಟೇ ಉಪಶಮನ ಸಿಕ್ಕಿತೆಂದು ತೋರಿಸಿತು. 1893ರಲ್ಲಿ ಮುಂಬಯಿಯಲ್ಲಿ ಕಾಶೀನಾಥುನಿ ನಾಗೇಶ್ವರರಾವ್ ಆರಂಭಿಸಿದ ಅಮೃತಾಂಜನದ ಡಬ್ಬಿ ದಕ್ಷಿಣ ಭಾರತದ ಪ್ರಯಾಣದ ಚೀಲಗಳಲ್ಲಿ ಖಾಯಂ ಜಾಗ ಹಿಡಿದದ್ದು ಬರಿಯ ನಂಬಿಕೆಯಿಂದಲ್ಲ ಎಂಬುದಕ್ಕೆ ಇದು ಪುಷ್ಟಿ. ಪೆಪ್ಪರ್‌ಮಿಂಟ್ ಎಣ್ಣೆಯಲ್ಲೂ ಇಂಥ ಮುಲಾಮುಗಳಲ್ಲೂ ಇರುವ ಮೆಂಥಾಲ್ ಚರ್ಮದ ತಂಪನ್ನು ಗುರುತಿಸುವ ನರತುದಿಗಳನ್ನು ನೇರವಾಗಿ ಎಚ್ಚರಿಸುತ್ತದೆ. ಈ ತಂಪಿನ ಗ್ರಾಹಕವನ್ನು ಮೆಂಥಾಲ್ ಬಳಸಿಯೇ ಪತ್ತೆ ಮಾಡಿದವರಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ, ಸ್ಪರ್ಶ ಮತ್ತು ಉಷ್ಣದ ಅರಿವಿನ ಕುರಿತ ಕೆಲಸಕ್ಕಾಗಿ, 2021ರ ನೊಬೆಲ್ ಬಹುಮಾನ ಬಂದಿತು. ಇದೇ ಮೆಂಥಾಲ್ ಕಟ್ಟಿದ ಮೂಗನ್ನು ಬಿಡಿಸಿದಂತೆ ತೋರುವುದೂ ತಂಪಿನ ಈ ಭಾವನೆಯಿಂದಲೇ. ಮೂಗಿನ ಒಳದಾರಿಯ ಅಗಲ ಇದ್ದಷ್ಟೇ ಇರುತ್ತದೆ. ತೋರಿಕೆಯಾದರೂ ನಡುರಾತ್ರಿಯ ಬಸ್ಸಿನಲ್ಲಿ ಅದು ಕೊಡುವ ನೆಮ್ಮದಿ ನಿಜವೇ.

ಮೂಗು ಕಟ್ಟುವಿಕೆಯೆಂದಾಗ ಈ ಜಿಲ್ಲೆಯವರ ನೆನಪಿಗೆ ಮೊದಲು ಬರುವುದು ನೀಲಗಿರಿ. ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ಆಸ್ಟ್ರೇಲಿಯಾ ಮೂಲದ ಈ ಮರದ ಬೀಜಗಳನ್ನು ತರಿಸಿ ನಂದಿಬೆಟ್ಟದ ಅರಮನೆ ತೋಟದಲ್ಲಿ ನೆಡಿಸಿದನೆಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಅಲ್ಲಿಂದ ಹರಡಿದ, ‘ಮೈಸೂರು ಗಮ್’ ಎಂದು ಹೆಸರಾದ ಬೆರಕೆ ತಳಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಹೊಲಗಳಲ್ಲಿ ತೋಪುಗಳಾಗಿ ಬೆಳೆದು, ಅಂತರ್ಜಲವನ್ನು ಹೀರುತ್ತದೆಂಬ ದೂರಿಗೆ ಗುರಿಯಾಗಿ, ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವವರೆಗೂ ವಿಷಯ ಬೆಳೆಯಿತು. ಆದರೆ ಸೀಸೆಯಲ್ಲಿ ಬರುವ ಔಷಧೀಯ ಎಣ್ಣೆಗೂ ಈ ತೋಪುಗಳಿಗೂ ಹೆಚ್ಚಿನ ನಂಟಿಲ್ಲ. ಇಲ್ಲಿನ ಮರ ಗಳುವಿಗೂ ಕಾಗದದ ತಿರುಳಿಗೂ ಬೆಳೆದದ್ದು. ಎಣ್ಣೆ ಬರುವುದು ಊಟಿಯ ಸುತ್ತಲಿನ ತಂಪು ಎತ್ತರಗಳಲ್ಲಿ ಬೆಳೆಯುವ ಗ್ಲಾಬ್ಯುಲಸ್ ಎಂಬ ಬೇರೊಂದು ಪ್ರಭೇದದಿಂದ. ಸಿನಿಯೋಲ್ ಎಂಬ, ಮೂಗಿಗೆ ಹತ್ತುವ ವಸ್ತುವೇ ಆ ಎಣ್ಣೆಯ ಬಹುಪಾಲು.

ಕರವಸ್ತ್ರದ ಮೇಲೆ ಒಂದೆರಡು ಹನಿ ಹಾಕಿ ದೂರದಿಂದ ಮೂಸುವ ಆರೋಗ್ಯವಂತ ವಯಸ್ಕರಿಗೆ ನೀಲಗಿರಿ ಎಣ್ಣೆ ಸಾಮಾನ್ಯವಾಗಿ ತೊಂದರೆ ಕೊಡದು. ಕುಡಿದರೆ ಅದು ವಿಷ. ಮಕ್ಕಳಲ್ಲಿ ಕೆಲವೇ ಮಿಲಿಲೀಟರು ಮಂಪರಿಗೂ ಸೆಳವಿಗೂ ಕಾರಣವಾಗಬಲ್ಲದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ದಕ್ಷಿಣ ಭಾರತದ ಇತರ ಆಸ್ಪತ್ರೆಗಳ ವೈದ್ಯರೊಂದಿಗೆ ಸೇರಿ ನಾಲ್ಕು ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ: ಸೆಳವು ಬಂದು ಆಸ್ಪತ್ರೆ ಸೇರಿದವರನ್ನು ವಿಚಾರಿಸುತ್ತ ಹೋದಾಗ, ಸುಗಂಧ ತೈಲಗಳ ಸಂಪರ್ಕದ ಬೆನ್ನಲ್ಲೇ ಸೆಳವು ಕಂಡ 55 ಮಂದಿ ಪತ್ತೆಯಾದರು, ಅವರಲ್ಲಿ 22 ಮಂದಿಗೆ ಹಿಂದೆಂದೂ ಅಪಸ್ಮಾರವಿರಲಿಲ್ಲ. ಕಾರಣವಾಗಿ ಕಂಡದ್ದು ನೀಲಗಿರಿ ಮತ್ತು ಕರ್ಪೂರವಿದ್ದ ತಯಾರಿಕೆಗಳು. ದೇವರ ಮುಂದೆ ಉರಿಸುವ ಕರ್ಪೂರವನ್ನೇ ಬಟ್ಟೆಯಲ್ಲಿ ಕಟ್ಟಿ ಕೂಸಿನ ಕೊರಳಿಗೆ ಹಾಕುವ ಪದ್ಧತಿ ಇನ್ನೂ ಹಲವು ಮನೆಗಳಲ್ಲಿದೆ. ಪ್ರಯಾಣದ ನೆಗಡಿಗೆಂದು ಮಾಡುವ ಈ ಉಪಚಾರವನ್ನು ಬಿಡುವುದು ಮೇಲು. ಎರಡು ವರ್ಷದೊಳಗಿನ ಮಕ್ಕಳ ಮೂಗಿನ ಹತ್ತಿರ ಮೆಂಥಾಲ್, ಕರ್ಪೂರ, ನೀಲಗಿರಿಗಳನ್ನು ತರಲೇಬಾರದು, ಏಕೆಂದರೆ ಆ ಘಾಟಿಗೆ ಅವರ ಗಂಟಲಿನ ದಾರಿ ಥಟ್ಟನೆ ಬಿಗಿದುಕೊಳ್ಳಬಹುದು. ಅಪಸ್ಮಾರವಿರುವವರು, ಉಬ್ಬಸವಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು.

ವಿಮಾನ ಪ್ರಯಾಣದಲ್ಲಿ ಎಣ್ಣೆಗೆ ಕೆಲಸ ಕಡಿಮೆ. ವಿಮಾನ ಇಳಿಯುವಾಗ ಕಿವಿ ಕಟ್ಟುವುದು ಕಿವಿತಮಟೆಯ ಎರಡು ಬದಿಗಳ ಗಾಳಿಯ ಒತ್ತಡ ಸಮವಾಗದೆ ಹೋದಾಗ. ಉಗುಳು ನುಂಗುವುದು, ಆಕಳಿಸುವುದು, ಏನನ್ನಾದರೂ ಜಗಿಯುವುದು ಇದಕ್ಕೆ ಮದ್ದೇ ಹೊರತು ಕಿವಿಗೆ ಹಾಕುವ ಎಣ್ಣೆಯಲ್ಲ. ಸಮಯ ವಲಯಗಳನ್ನು ದಾಟಿದಾಗ ಕೆಡುವ ನಿದ್ದೆಗೆ ಲ್ಯಾವೆಂಡರ್ ಹನಿ ಹಿತವೆನಿಸಬಹುದು, ಆದರೆ ದೇಹದ ಗಡಿಯಾರವನ್ನು ತಿದ್ದುವುದು ಹಗಲಿನ ಬೆಳಕು. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಕೈಚೀಲದ ದ್ರವದ ಸೀಸೆ 100 ಮಿಲಿಲೀಟರ್ ಮೀರಬಾರದೆಂಬ ನಿಯಮ ಈ ಎಣ್ಣೆಗಳಿಗೂ ಅನ್ವಯಿಸುತ್ತದೆ.

ಚರ್ಮಕ್ಕೆ ಹಚ್ಚುವುದಾದರೆ ಗಟ್ಟಿ ಎಣ್ಣೆಯನ್ನು ಕೊಬ್ಬರಿ ಎಣ್ಣೆಯಂಥ ಸಾಧಾರಣ ಎಣ್ಣೆಯಲ್ಲಿ ತೆಳುವಾಗಿಸಬೇಕು: ಎರಡು ಚಮಚೆಯಷ್ಟು, ಅಂದರೆ 10 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಹಾಕಿದರೆ ಹೆಚ್ಚುಕಡಿಮೆ ಶೇ. 2ರ ಮಿಶ್ರಣವಾಗುತ್ತದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತವೂ ಸೇರಿರುವ ನಿಂಬೆಯ ಕುಲದ ಹಣ್ಣುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಹಿಂಡಿ ತೆಗೆದ ಸಿಪ್ಪೆಯ ಎಣ್ಣೆಗಳಲ್ಲಿ ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಡುವ ವಸ್ತುಗಳಿರಬಹುದಾದ್ದರಿಂದ, ಅವನ್ನು ಕೈಗೆ ಬಳಿದುಕೊಂಡು ಬಿಸಿಲು ಬೀಳುವ ಕಿಟಕಿಯ ಪಕ್ಕ ಕುಳಿತರೆ ಒಂದೆರಡು ದಿನಗಳಲ್ಲಿ ಬೊಬ್ಬೆಗಳೇಳಬಹುದು.

ಇನ್ನು ಸಹಪ್ರಯಾಣಿಕರ ಮಾತು. ಕಿಟಕಿ ಮುಚ್ಚಿದ ಹವಾನಿಯಂತ್ರಿತ ಬಸ್ಸಿನಲ್ಲಿ ತಂಗಾಳಿಯ ಕಿಂಡಿಗೆ ಯಾರೋ ಒಬ್ಬರು ಹಾಕಿದ ನಾಲ್ಕು ಹನಿ ನೀಲಗಿರಿಯನ್ನು ನಲವತ್ತು ಮಂದಿಯೂ ಮಂಗಳೂರಿನವರೆಗೆ ಉಸಿರಾಡಬೇಕಾಗುತ್ತದೆ, ಮತ್ತು ಅವರಲ್ಲಿ ಉಬ್ಬಸದವರು ಯಾರು, ಅಪಸ್ಮಾರದ ಮಾತ್ರೆ ನುಂಗುವವರು ಯಾರು ಎಂಬುದು ಹಾಕಿದವರಿಗೆ ತಿಳಿಯದು. ಗೀರಿದ ನಿಂಬೆಹಣ್ಣಿನ ವಾಸನೆಯಾದರೋ ಹಿಡಿದವರ ಅಂಗೈಯಿಂದ ಒಂದು ಗೇಣು ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ.