ಹೆಸರಿಗೆ ಬೆಂಬಲವೋ, ಯೋಗ್ಯತೆಗೆ ಸಾಕ್ಷ್ಯವೋ?

ಸಾಕ್ಷ್ಯದ ವಿಷಯ ಜುಮಾ ಖುತ್ಬಾಗಳಲ್ಲಿ ಆಗಾಗ ಬರುತ್ತದೆ. ಸ್ವಂತಕ್ಕೆ, ಹೆತ್ತವರಿಗೆ ನಷ್ಟವಾದರೂ ನ್ಯಾಯದ ಪರ ನಿಲ್ಲಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಬೋಧಿಸುತ್ತದೆ. ನಾವು ಅದನ್ನು ಆಸ್ತಿ ಪಾಲು, ನಿಕಾಹ್, ಸಾಲದ ಪತ್ರ ಇಷ್ಟಕ್ಕೇ ಅನ್ವಯಿಸಿಕೊಂಡು ಎದ್ದು ಬರುತ್ತೇವೆ. ಆದರೆ ‘ಈ ವ್ಯಕ್ತಿ ಈ ಹುದ್ದೆಗೆ ಯೋಗ್ಯ’ ಎನ್ನುವುದೂ ಒಂದು ಸಾಕ್ಷ್ಯವೇ ಎಂದು ಉಲಮಾಗಳು ವಿವರಿಸಿದ್ದಾರೆ. ಹಾಗಾದರೆ ಒಂದು ಪಕ್ಷ ತನ್ನದಲ್ಲದ ಅಭ್ಯರ್ಥಿಗೆ, ಅವರ ಜಾತಿ, ಬಣ್ಣ ಅಥವಾ ಧರ್ಮವನ್ನು ಮುಂದಿಟ್ಟು ಬೆಂಬಲ ಘೋಷಿಸಿದಾಗ ಅದು ಯಾವುದಕ್ಕೆ ಸಾಕ್ಷಿ ಹೇಳುತ್ತಿದೆ? ಇದನ್ನು ಅರಿಯಲು ರಾಷ್ಟ್ರಪತಿ ಚುನಾವಣೆಯಷ್ಟು ಒಳ್ಳೆಯ ಉದಾಹರಣೆ ಬೇರೊಂದಿಲ್ಲ.

ಮೊದಲು ಅದರ ಕ್ರಮ ತಿಳಿಯೋಣ. ರಾಷ್ಟ್ರಪತಿಯನ್ನು ನಾವು ನೇರವಾಗಿ ಆರಿಸುವುದಿಲ್ಲ. ನಮ್ಮ ಸಂಸದರೂ ಶಾಸಕರೂ ಆರಿಸುತ್ತಾರೆ. 1971ರ ಜನಗಣತಿಯ ಆಧಾರದಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಹನೂರಿನಿಂದ ಕಾಡು ದಾಟಿದರೆ ಸಿಗುವ ತಮಿಳುನಾಡಿನ ಶಾಸಕರದ್ದು 176. ಯಳಂದೂರು ತಾಲ್ಲೂಕು ಕೊಳ್ಳೇಗಾಲ ಕ್ಷೇತ್ರದೊಳಗೆ ಬರುವುದರಿಂದ ಈ ಮೂರು ತಾಲ್ಲೂಕುಗಳ ಪರವಾಗಿ ಮುಖ್ಯವಾಗಿ ಮತ ಹಾಕುವವರು ಕೊಳ್ಳೇಗಾಲ ಮತ್ತು ಹನೂರಿನ ಇಬ್ಬರು ಶಾಸಕರು. (ಹಿರಿಯರಿಗೆ ನೆನಪಿರಬಹುದು: 1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1952ರ ಮೊದಲ ರಾಷ್ಟ್ರಪತಿ ಚುನಾವಣೆಯಲ್ಲಿ ಕೊಳ್ಳೇಗಾಲದ ಮತ ಮದ್ರಾಸಿನ ಲೆಕ್ಕಕ್ಕೆ, ಯಳಂದೂರಿನದು ಮೈಸೂರಿನ ಲೆಕ್ಕಕ್ಕೆ ಹೋಯಿತು.) ಮತದಾನ ಗುಪ್ತ. ಪಕ್ಷಗಳು ವಿಪ್ ಹೊರಡಿಸುವಂತಿಲ್ಲ. ಆದ್ದರಿಂದಲೇ ಇಲ್ಲಿ ಪಕ್ಷದ ಗೋಡೆ ದಾಟಿದ ಬೆಂಬಲ ಸಾಮಾನ್ಯ.

2022ರ ಜುಲೈನಲ್ಲಿ ದ್ರೌಪದಿ ಮುರ್ಮು ಬಿಜೆಪಿ ಮೈತ್ರಿಕೂಟದ ಅಭ್ಯರ್ಥಿ, ಯಶವಂತ ಸಿನ್ಹಾ ಪ್ರತಿಪಕ್ಷಗಳ ಅಭ್ಯರ್ಥಿ. ಆದಿವಾಸಿ ಮಹಿಳೆ ಎಂಬ ಕಾರಣವನ್ನೇ ಮುಂದಿಟ್ಟು ಮಾಯಾವತಿಯವರ ಬಿಎಸ್‌ಪಿ ಮುರ್ಮು ಅವರನ್ನು ಬೆಂಬಲಿಸಿತು. ಜೆಡಿಎಸ್ ಕೂಡ ಬೆಂಬಲಿಸಿತು. ಆಗ ಕೊಳ್ಳೇಗಾಲದ ಶಾಸಕರು ಎನ್. ಮಹೇಶ್. 2018ರಲ್ಲಿ ಜೆಡಿಎಸ್ ಮೈತ್ರಿಯಲ್ಲಿ ಬಿಎಸ್‌ಪಿಯಿಂದ ಗೆದ್ದು, 2019ರ ವಿಶ್ವಾಸಮತಕ್ಕೆ ಗೈರಾಗಿ ಪಕ್ಷದಿಂದ ಉಚ್ಚಾಟನೆಗೊಂಡು, 2021ರಲ್ಲಿ ಬಿಜೆಪಿ ಸೇರಿದ್ದವರು. ಅವರನ್ನು ಹೊರಹಾಕಿದ ಪಕ್ಷವೂ ಅವರು ಸೇರಿದ ಪಕ್ಷವೂ ಒಬ್ಬರೇ ಅಭ್ಯರ್ಥಿಯ ಹಿಂದೆ ನಿಂತಿದ್ದವು! ಮುರ್ಮು ಶೇ. 64 ಮತ ಪಡೆದು ದೇಶದ ಮೊದಲ ಆದಿವಾಸಿ ರಾಷ್ಟ್ರಪತಿಯಾದರು.

ಬಿಳಿಗಿರಿರಂಗನ ಬೆಟ್ಟದ ಮತ್ತು ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಯಾರಾದರೂ ಅಂದು ಸಂತೋಷಪಟ್ಟಿದ್ದರೆ ಅದನ್ನು ಹಗುರವಾಗಿ ಕಾಣಬಾರದು. ಶತಮಾನಗಳಿಂದ ಕೊನೆಯ ಸಾಲಿನಲ್ಲಿ ಕೂರಿಸಿದವರಿಗೆ ಮೊದಲ ಕುರ್ಚಿ ಸಿಕ್ಕುವುದು ಸಣ್ಣ ಮಾತಲ್ಲ. ಆದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಡಿನ ಮೇಲಿನ ಸಮುದಾಯ ಹಕ್ಕು ಸಿಕ್ಕಿದ್ದು 2011ರಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಗ್ರಾಮಸಭೆಗಳೇ ಹಟ ಹಿಡಿದು ಅರ್ಜಿ ಹಾಕಿದ್ದರಿಂದ. ಗೌರವ ಬೇರೆ, ಹಕ್ಕು ಬೇರೆ. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಸಲು ಬರುತ್ತದೆ.

ನಮ್ಮ ಸಮುದಾಯಕ್ಕೆ ಇದು 2002ರಲ್ಲಿ ಅನುಭವಕ್ಕೆ ಬಂತು. ಆ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1997ರಲ್ಲಿ ಕೆ.ಆರ್. ನಾರಾಯಣನ್ ಅವರನ್ನು ಕಾಂಗ್ರೆಸ್, ಸಂಯುಕ್ತ ರಂಗ, ಬಿಜೆಪಿ ಎಲ್ಲರೂ ಬೆಂಬಲಿಸಿದರು. ಎದುರು ನಿಂತ ಟಿ.ಎನ್. ಶೇಷನ್ ಅವರಿಗೆ ಸಿಕ್ಕಿದ್ದು ಶಿವಸೇನೆಯಂಥ ಕೆಲವರ ಬೆಂಬಲ ಮಾತ್ರ. ಮೊದಲ ದಲಿತ ರಾಷ್ಟ್ರಪತಿ ಎಂಬುದೇ ಅಂದಿನ ದೊಡ್ಡ ಸುದ್ದಿ. ಆದರೆ ನಾರಾಯಣನ್ ಅಲಂಕಾರವಾಗಿ ಕೂರಲಿಲ್ಲ. ಗುಜ್ರಾಲ್ ಸರಕಾರ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಶಿಫಾರಸು ಮಾಡಿದಾಗ ಕಡತವನ್ನು ಹಿಂದಕ್ಕೆ ಕಳಿಸಿದರು. ಮರುವರ್ಷ ವಾಜಪೇಯಿ ಸರಕಾರ ಬಿಹಾರದ ವಿಷಯದಲ್ಲಿ ಅದನ್ನೇ ಮಾಡಿದಾಗಲೂ ಹಿಂದಕ್ಕೆ ಕಳಿಸಿದರು. 2002ರಲ್ಲಿ ಗುಜರಾತ್ ಹೊತ್ತಿ ಉರಿದಾಗ ಪ್ರಧಾನಿಗೆ ಪತ್ರ ಬರೆದು ಸೇನೆಯನ್ನು ಬಳಸುವಂತೆ ಕೇಳಿದ್ದಾಗಿ ನಿವೃತ್ತಿಯ ನಂತರ ಅವರೇ ಹೇಳಿದರು. ಮುಸಲ್ಮಾನರ ಪ್ರಾಣದ ಪ್ರಶ್ನೆ ಬಂದಾಗ ಪತ್ರ ಬರೆದ ರಾಷ್ಟ್ರಪತಿ ಮುಸಲ್ಮಾನರಾಗಿರಲಿಲ್ಲ. ಈ ವಾಕ್ಯವನ್ನು ಮನೆಯ ಮಕ್ಕಳಿಗೂ ಓದಿ ಹೇಳಿ.

ಅದೇ ವರ್ಷ ನಾರಾಯಣನ್ ಅವರ ಅವಧಿ ಮುಗಿಯಿತು. ಗುಜರಾತಿನ ಗಾಯ ಇನ್ನೂ ಹಸಿಯಿದ್ದಾಗ ಎನ್‌ಡಿಎ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹೆಸರು ಘೋಷಿಸಿತು. ಸಮಾಜವಾದಿ ಪಕ್ಷ, ಕಾಂಗ್ರೆಸ್ ಬೆಂಬಲಿಸಿದವು. ಎಡಪಕ್ಷಗಳು ಮಾತ್ರ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರನ್ನು ನಿಲ್ಲಿಸಿದವು. ಕಲಾಂ ಅವರಿಗೆ 9,22,884 ಮತಮೌಲ್ಯ, ಲಕ್ಷ್ಮಿ ಅವರಿಗೆ 1,07,366. ಝಾಕಿರ್ ಹುಸೈನ್, ಫಕ್ರುದ್ದೀನ್ ಅಲಿ ಅಹ್ಮದ್ ಅವರ ನಂತರ ಮೂರನೆಯ ಮುಸ್ಲಿಂ ರಾಷ್ಟ್ರಪತಿ. ಕಲಾಂ ಯೋಗ್ಯರೆಂಬುದರಲ್ಲಿ ಎರಡು ಮಾತಿಲ್ಲ. ಅದೇ ಆಗಸ್ಟಿನಲ್ಲಿ ಅವರು ಗುಜರಾತಿಗೆ ಹೋಗಿ ನಿರಾಶ್ರಿತರ ಶಿಬಿರಗಳನ್ನು ನೋಡಿದರು. 2006ರಲ್ಲಿ ಲಾಭದಾಯಕ ಹುದ್ದೆ ಮಸೂದೆಯನ್ನು ಸಂಸತ್ತಿಗೆ ಮರಳಿಸುವ ಧೈರ್ಯವನ್ನೂ ತೋರಿದರು. ಆದರೆ ಅವರ ಹೆಸರನ್ನು ತೋರಿಸಿ ‘ಇನ್ನೇನು ಬೇಕು ನಿಮಗೆ?’ ಎಂದು ಸಮುದಾಯವನ್ನು ಕೇಳಿದವರ ಮಾತು ಕಲಾಂ ಅವರಿಗೂ ಅವಮಾನವೇ. ಕ್ಷಿಪಣಿ ಕಟ್ಟಿದ ವಿಜ್ಞಾನಿಯನ್ನು ಅದು ಒಂದು ರಸೀದಿಯನ್ನಾಗಿ ಮಾಡಿತು.

ಹೆಸರು ಹಿಡಿದು ಎತ್ತುವುದು ಹೀಗಾದರೆ, ಹೆಸರು ಹಿಡಿದು ಕೆಡವುವುದನ್ನು ಜಗತ್ತು 2008ರಲ್ಲಿ ಅಮೆರಿಕದಲ್ಲಿ ನೋಡಿತು. ಬರಾಕ್ ಒಬಾಮ ಕ್ರೈಸ್ತರು. ಆದರೂ ‘ಹುಸೇನ್’ ಎಂಬ ಮಧ್ಯದ ಹೆಸರು ಹಿಡಿದು ಅವರು ಗುಪ್ತವಾಗಿ ಮುಸ್ಲಿಂ ಎಂಬ ವದಂತಿ ಹಬ್ಬಿಸಲಾಯಿತು. ಎದುರಾಳಿ ಜಾನ್ ಮೆಕೇನ್ ಅವರ ಸಭೆಯಲ್ಲಿ ಮಹಿಳೆಯೊಬ್ಬರು ‘ಆತ ಅರಬ’ ಎಂದಾಗ ಮೆಕೇನ್ ತಡೆದು, ಇಲ್ಲ, ಅವರು ಸಭ್ಯ ಗೃಹಸ್ಥರು ಎಂದರು. ಒಳ್ಳೆಯ ಉದ್ದೇಶದಿಂದಲೇ ಹೇಳಿದರು. ಆದರೆ ಗಮನಿಸಿ: ಅರಬನಾದವನು ಸಭ್ಯ ಗೃಹಸ್ಥನಾಗಿರಲಾರನೇ?

ಆ ಪ್ರಶ್ನೆಯನ್ನು ಎತ್ತಿದವರು ಮೆಕೇನ್ ಪಕ್ಷದವರೇ ಆದ ಕಾಲಿನ್ ಪೊವೆಲ್. ಬುಷ್ ಸರಕಾರದಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ ಕರಿಯ ಜನಾಂಗದ ಸೇನಾಧಿಕಾರಿ. ಅಕ್ಟೋಬರ್ 19ರಂದು ದೂರದರ್ಶನ ಸಂದರ್ಶನದಲ್ಲಿ ಒಬಾಮ ಅವರಿಗೆ ಬೆಂಬಲ ಘೋಷಿಸುತ್ತ, ಅವರು ಮುಸ್ಲಿಂ ಅಲ್ಲ ಎಂಬುದು ಸರಿ ಉತ್ತರವಾದರೂ, ಮುಸ್ಲಿಂ ಆಗಿದ್ದರೆ ತಪ್ಪೇನು ಎಂಬುದೇ ನಿಜವಾದ ಉತ್ತರ ಎಂಬರ್ಥದಲ್ಲಿ ಮಾತಾಡಿದರು. ಅಮೆರಿಕದ ಪರ ಹೋರಾಡಿ ಇರಾಕಿನಲ್ಲಿ ಸತ್ತ 20 ವರ್ಷದ ಮುಸ್ಲಿಂ ಸೈನಿಕನ ಸಮಾಧಿಯ ಬಳಿ ತಾಯಿ ಕುಳಿತಿದ್ದ ಚಿತ್ರವನ್ನು ನೆನಪಿಸಿಕೊಂಡರು. ಆ ಇರಾಕ್ ಯುದ್ಧಕ್ಕೆ ವಿಶ್ವಸಂಸ್ಥೆಯಲ್ಲಿ ವಾದ ಮಂಡಿಸಿದವರೂ ಇದೇ ಪೊವೆಲ್. ಅದನ್ನು ನಾವು ಮರೆಯಬೇಕಾಗಿಲ್ಲ. ಆದರೂ ಅಂದಿನ ಅವರ ಮಾತು ನೇರವಾಗಿತ್ತು. ಕರಿಯ ಕರಿಯನನ್ನು ಬೆಂಬಲಿಸಿದ ಎಂದು ಕೆಲವರು ಹಂಗಿಸಿದರು. ಬಣ್ಣವೇ ಕಾರಣವಾಗಿದ್ದರೆ ತಿಂಗಳುಗಳ ಹಿಂದೆಯೇ ಹೇಳುತ್ತಿದ್ದೆ ಎಂದು ಪೊವೆಲ್ ಉತ್ತರಿಸಿದರು. ಅಷ್ಟು ಕಾಲ ಇಬ್ಬರನ್ನೂ ತೂಗಿ ನೋಡಿದ್ದರು.

ಅಬೂದರ್(ರ) ಒಮ್ಮೆ ಸಿಟ್ಟಿನಲ್ಲಿ ಒಬ್ಬರನ್ನು ಅವರ ತಾಯಿಯ ಕುಲ ಹಿಡಿದು ಹಂಗಿಸಿದಾಗ, ನಿನ್ನಲ್ಲಿ ಇನ್ನೂ ಅಜ್ಞಾನಕಾಲದ ಗುಣ ಉಳಿದಿದೆ ಎಂದು ಪ್ರವಾದಿ(ಸ)ಯವರು ಎಚ್ಚರಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಹುಟ್ಟನ್ನು ಹಿಡಿದು ಹೊಗಳುವಾಗಲೂ ಅದೇ ಗುಣ ಬೇರೆ ಬಟ್ಟೆ ತೊಟ್ಟು ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೊಳ್ಳೇಗಾಲ, ಯಳಂದೂರಿನ ಮುಸ್ಲಿಂ ಕುಟುಂಬಗಳಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಕೊಳ್ಳೇಗಾಲ ವಿಧಾನಸಭಾ ಕ್ಷೇತ್ರವೂ ಚಾಮರಾಜನಗರ ಲೋಕಸಭಾ ಕ್ಷೇತ್ರವೂ ದಶಕಗಳಿಂದ ಪರಿಶಿಷ್ಟ ಜಾತಿಗೆ ಮೀಸಲು. ನಮ್ಮ ಧರ್ಮದವರೊಬ್ಬರು ಅಲ್ಲಿ ಸ್ಪರ್ಧಿಸುವಂತೆಯೇ ಇಲ್ಲ. ಹಾಗಾಗಿ ನಮ್ಮ ಅಜ್ಜ ಅಜ್ಜಿಯರು ಕೂಡ ಮತ ಹಾಕುವ ಮುನ್ನ ಅಭ್ಯರ್ಥಿಯ ಹೆಸರನ್ನು ಬಿಟ್ಟು ಬೇರೆಯದನ್ನೇ ಕೇಳಬೇಕಾಗುತ್ತಿತ್ತು: ರೇಷ್ಮೆ ನೂಲು ಬಿಚ್ಚುವವರ ಕೂಲಿಗೆ ಏನು ಮಾಡಿದ, ಶಾಲೆಗೆ ಮೇಷ್ಟರನ್ನು ತಂದನೇ, ಊರಿನಲ್ಲಿ ಜಗಳವಾದ ದಿನ ಎಲ್ಲಿದ್ದ? ಹನೂರು ಸಾಮಾನ್ಯ ಕ್ಷೇತ್ರ. ಅಲ್ಲಿ ಹೆಸರಿನ ಲೆಕ್ಕಾಚಾರಕ್ಕೆ ಬಾಗಿಲು ತೆರೆದಿದೆ. ಮುಂದಿನ ಸಲ ಯಾವುದೋ ಪಕ್ಷ ನಮ್ಮವರೊಬ್ಬರಿಗೆ ಹಾರ ಹಾಕಿ ಮಸೀದಿಯ ಬಾಗಿಲಿಗೆ ಕಳಿಸಿದಾಗ, ಸಲಾಮ್ ಹೇಳಿ ಕೂರಿಸಿ, ಚಹಾ ಕೊಟ್ಟು, ಅವರನ್ನೂ ಇದೇ ಮೂರು ಪ್ರಶ್ನೆ ಕೇಳಬಹುದು.