ಮನೆಮಾತಿಗೆ ಮಣೆ ಹಾಕಿದ ಮಹಾದೇವ

ನಂದಿಬೆಟ್ಟದ ಸುತ್ತಲ ಊರುಗಳಲ್ಲಿ ಒಂದೇ ಭಾಷೆ ಬಲ್ಲ ಮಗು ಅಪರೂಪ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ; ಬೀದಿಯಲ್ಲಿ ಎರಡೂ ಬೆರೆಯುತ್ತವೆ. ಬರೆಯಲು ಕುಳಿತಾಗ ಮಾತ್ರ, ಮನೆಯ ಮಾತು ಪುಸ್ತಕಕ್ಕೆ ತಕ್ಕದ್ದಲ್ಲ ಎಂಬ ಅಳುಕು ಮಗುವನ್ನು ಹಿಡಿಯುತ್ತದೆ. ಮನೆಮಾತು ಕನ್ನಡವೇ ಆದ ಕಡೆಯೂ ಈ ಅಳುಕು ತಪ್ಪಿದ್ದಲ್ಲ. ಕೇರಿಯ ಕನ್ನಡ ಬೇರೆ, ಪಠ್ಯದ ಕನ್ನಡ ಬೇರೆ. ಅದನ್ನು ಮೀರಿ ಬರೆದವರಲ್ಲಿ ದೇವನೂರ ಮಹಾದೇವರದು ದೊಡ್ಡ ಹೆಸರು.

ನಂಜನಗೂಡು ತಾಲ್ಲೂಕಿನ ದೇವನೂರಿನ ದಲಿತ ಕುಟುಂಬದಲ್ಲಿ ಹುಟ್ಟಿದ ಅವರು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಕೆಲಸ ಬಿಟ್ಟು ಬೇಸಾಯಕ್ಕೆ ಇಳಿದವರು. ಮೊದಲ ಕಥಾಸಂಕಲನ 'ದ್ಯಾವನೂರು' 1973ರಲ್ಲಿ ಬಂತು. ನಂತರದ 'ಒಡಲಾಳ'ದಲ್ಲಿ ಮುದುಕಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಅದೇ ಮನೆಯವರು ಸಾಹುಕಾರ ಎತ್ತಪ್ಪನ ಕಡಲೆಕಾಯಿಯನ್ನು ರಾತ್ರಿ ಬೆಂಕಿಯ ಸುತ್ತ ಕುಳಿತು ತಿಂದು ಸಿಪ್ಪೆಯನ್ನೂ ಉರಿಗೆ ಹಾಕುತ್ತಾರೆ. ಬೆಳಗಾದರೆ ಪೊಲೀಸರು! ಇದು ಕಳ್ಳತನವೋ ಹಸಿವೋ ಎಂದು ಲೇಖಕರು ತೀರ್ಪು ಕೊಡುವುದಿಲ್ಲ. ಆ ಮನೆಯವರ ಮಾತನ್ನು ನಮಗೆ ಕೇಳಿಸುತ್ತಾರೆ, ಅಷ್ಟೆ.

'ಕುಸುಮಬಾಲೆ' ಇನ್ನೂ ಮುಂದೆ ಹೋಯಿತು. ಪಾತ್ರಗಳ ಮಾತಷ್ಟೇ ಅಲ್ಲ, ಕಥೆ ಹೇಳುವ ದನಿಯೂ ಆ ಸೀಮೆಯದೇ. ದೀಪಗಳ ಜೋತಮ್ಮಂದಿರು ಕೂಡಿ ಹರಟುತ್ತಾರೆ, ಮಂಚವೂ ಬಾಯಿ ಬಿಡುತ್ತದೆ. ಓದಲು ತೊಡಕೆನ್ನುವವರು ಇಂದಿಗೂ ಇದ್ದಾರೆ. ಗಟ್ಟಿಯಾಗಿ ಓದಿದರೆ ತೊಡಕು ಬಹುಪಾಲು ಕರಗುತ್ತದೆ. ಅದು ಕಿವಿಗೆಂದೇ ಬರೆದಂತಿರುವ ಪುಸ್ತಕ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ ಪುಟ್ಟ ಕಾದಂಬರಿಗೇ. 2015ರಲ್ಲಿ, ದೇಶದಲ್ಲಿ ಹೆಚ್ಚುತ್ತಿದ್ದ ಅಸಹನೆಯನ್ನು ಪ್ರತಿಭಟಿಸಿ ಅವರು ಅದನ್ನು ಹಿಂದಿರುಗಿಸಿದರು.

ಇಂಥದೇ ಸಂಕಟ ದೂರದ ದಕ್ಷಿಣ ಆಫ್ರಿಕದಲ್ಲೂ ಇತ್ತು. ವರ್ಣಭೇದದ ಆಡಳಿತ 1994ರಲ್ಲಿ ಕೊನೆಗೊಂಡ ಮೇಲೆ ಬರೆದವರಲ್ಲಿ ಫಸ್ವಾನೆ ಎಂಪೆ ಒಬ್ಬರು. 2001ರ ಅವರ 'ವೆಲ್‌ಕಮ್ ಟು ಅವರ್ ಹಿಲ್‌ಬ್ರೋ' ಇಂಗ್ಲಿಷಿನಲ್ಲಿದೆ. ಆದರೆ ಅದರೊಳಗೊಬ್ಬ ಹೆಣ್ಣುಮಗಳು ತನ್ನ ಸೆಪೆಡಿ ನುಡಿಯಲ್ಲಿ ಕಾದಂಬರಿ ಬರೆಯುತ್ತಾಳೆ; ಅದು ಅಚ್ಚಾಗುವುದಿಲ್ಲ. ಎಂಪೆ 2004ರಲ್ಲಿ, ಕೇವಲ 34ರ ವಯಸ್ಸಿನಲ್ಲಿ ತೀರಿಕೊಂಡರು.

ಮಹಾದೇವರ ಪುಸ್ತಕಗಳು ಅಚ್ಚಾದವು, ಮರುಮುದ್ರಣ ಕಂಡವು, 'ಕುಸುಮಬಾಲೆ' ರಂಗಕ್ಕೂ ಏರಿತು. ಅವರಿಗೆ ಅಷ್ಟು ಸಾಲಲಿಲ್ಲ. 2010ರಲ್ಲಿ ನೃಪತುಂಗ ಪ್ರಶಸ್ತಿ ಅರಸಿ ಬಂದಾಗ ಬೇಡವೆಂದರು. ರಾಜ್ಯಭಾಷೆ ಕನ್ನಡವಾದರೂ ಶಿಕ್ಷಣ ಮಾಧ್ಯಮವಾಗಿ ಅದಕ್ಕಿನ್ನೂ ನೆಲೆ ಸಿಕ್ಕಿಲ್ಲ ಎಂಬುದು ಅವರ ಆಕ್ಷೇಪ. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವ ಪೋಷಕರಿಗೆ ಇದು ಹಿಡಿಸದಿರಬಹುದು. ಆ ಪ್ರಶಸ್ತಿಯ ಮೊತ್ತ 5 ಲಕ್ಷ ರೂಪಾಯಿಗೂ ಮೇಲಿತ್ತು.