ಕ್ಲಾಂಗ್‌ಗೆ ಹೊರಟ ಈರುಳ್ಳಿ, ಕೊಡಿಗೇಹಳ್ಳಿಯ ಮೇಜಿನ ಮೇಲೆ

ಸಂಜೆಯ ಹೊತ್ತು. ಬೆಂಗಳೂರಿನ ಕೊಡಿಗೇಹಳ್ಳಿ ಮುಖ್ಯರಸ್ತೆಯಲ್ಲಿ ತರಕಾರಿ ಗಾಡಿ, ಶಾಲೆಯ ವ್ಯಾನು, ಸಹಕಾರನಗರದ ಕಡೆ ತಿರುಗುವ ಆಟೋಗಳು ಒಂದಕ್ಕೊಂದು ದಾರಿ ಬಿಡದೆ ನಿಂತಿವೆ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ವಕೀಲೆಯೊಬ್ಬರ ಪುಟ್ಟ ಕಚೇರಿ. ಕಿಟಕಿ ಮುಚ್ಚಿದರೂ ಹಾರನ್ನಿನ ಸದ್ದು ಒಳಗೇ. ಚಿಕ್ಕಬಳ್ಳಾಪುರದ ಕಡೆಯಿಂದ ಬಸ್ಸಿನಲ್ಲಿ ಬಂದ ಗೌಡರು ಕೈಚೀಲ ಬಿಚ್ಚಿ ಒಂದು ಹಿಡಿ ಈರುಳ್ಳಿಯನ್ನು ಮೇಜಿನ ಮೇಲಿಟ್ಟರು. ಗೋಲಿಗಿಂತ ತುಸು ದಪ್ಪ, ಕಡುಗೆಂಪು, ಚಪ್ಪಟೆ ಬುಡ. 2015ರಲ್ಲಿ ಜಿಐ ಮಾನ್ಯತೆ ಪಡೆದ ಬೆಂಗಳೂರು ಗುಲಾಬಿ ಈರುಳ್ಳಿ. ನಮ್ಮ ಸಂತೆಗಳಲ್ಲಿ ಇದಕ್ಕೆ ಗಿರಾಕಿ ಕಡಿಮೆ. ಮಲೇಷ್ಯಾ, ಸಿಂಗಪುರದ ಅಡುಗೆಮನೆಗಳನ್ನೇ ನಂಬಿ ಬೆಳೆಯುವ ಬೆಳೆ.

ಇಷ್ಟು ವರ್ಷ ಏಜೆಂಟರಿಗೆ ಮಾಲು ಕೊಡುತ್ತಿದ್ದ ಗೌಡರು ಈ ಸಲ ನೇರ ರಫ್ತಿಗೆ ಇಳಿದಿದ್ದಾರೆ. ಆಮದು-ರಫ್ತು ಸಂಕೇತದ (ಐಇಸಿ) ನೋಂದಣಿ ಆಗಿದೆ, ಸಸ್ಯ ಆರೋಗ್ಯ ಪ್ರಮಾಣಪತ್ರದ ದಾರಿ ಗೊತ್ತು. ಉಳಿದಿರುವುದು ಖರೀದಿದಾರ ಕಳಿಸಿದ ಇಂಗ್ಲಿಷ್ ಕರಾರು. ವಕೀಲೆ ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ, ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತ ಹೋದರು.

ಮೊದಲ ಪುಟದಲ್ಲಿ 'ಎಫ್‌ಒಬಿ ಚೆನ್ನೈ' ಎಂದಿದೆ. ಅಂದರೆ ಮಾಲು ಹಡಗು ಹತ್ತಿದ ಮೇಲಿನ ನಷ್ಟ ಕೊಂಡವರದು. ಆರನೇ ಪುಟದಲ್ಲಿ ಪೆನ್ಸಿಲ್ ನಿಂತಿತು.

"ಇಲ್ನೋಡಿ ಗೌಡ್ರೇ. ಮಲೇಷ್ಯಾದ ಕ್ಲಾಂಗ್ ಬಂದರಿನ ತಪಾಸಣೆಯೇ ಅಂತಿಮ ಅಂತಿದೆ. ದಾರೀಲಿ ಮೊಳಕೆ ಬಂದ್ರೂ ದುಡ್ಡು ಹಿಡೀಬಹುದು."

"ಮೊದಲ್ನೇ ಪುಟ ಬೇರೆ ಹೇಳ್ತದಲ್ಲ ಮೇಡಂ?"

"ಅದಕ್ಕೇ ಈ ಸಾಲು ತೆಗೆಸೋಣ. ತಪಾಸಣೆ ಚೆನ್ನೈನಲ್ಲೇ ಆಗ್ಲಿ."

ಮಾಲು ಕಳಿಸಲಾಗದಿದ್ದರೆ ವಿನಾಯಿತಿ ಕೊಡುವ ಕೈಮೀರಿದ ಕಾರಣಗಳ ಪಟ್ಟಿಯಲ್ಲಿ ಯುದ್ಧ, ಪ್ರವಾಹ, ಮುಷ್ಕರ ಇದ್ದವು. ಸರ್ಕಾರದ ರಫ್ತು ನಿಷೇಧ ಇರಲಿಲ್ಲ. ಈ ಬೆಳೆಗೆ ಅದಕ್ಕಿಂತ ದೊಡ್ಡ ಗಂಡಾಂತರ ಯಾವುದಿದೆ? 2019ರಲ್ಲಿ, 2020ರಲ್ಲಿ, ಮತ್ತೆ 2023ರ ಡಿಸೆಂಬರಿನಲ್ಲಿ ಈರುಳ್ಳಿ ರಫ್ತಿಗೆ ತಡೆ ಬಿತ್ತು. ದೇಶದ ಸಾಂಬಾರಿಗೆ ಹೋಗದ ಈ ಪುಟ್ಟ ಗಡ್ಡೆಯೂ ಅದರಲ್ಲಿ ಸಿಕ್ಕಿಕೊಂಡಿತು. 2020ರ ಅಕ್ಟೋಬರಿನಲ್ಲಿ ಚೆನ್ನೈ ಬಂದರಿನಿಂದ 10,000 ಟನ್ ಕಳಿಸಲು ಅನುಮತಿ ಸಿಕ್ಕರೂ, ಅದಕ್ಕೆ ರಾಜ್ಯದ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರ ಬೇಕಿತ್ತು. ವಕೀಲೆ ಪಟ್ಟಿಯ ಕೊನೆಗೆ 'ರಫ್ತು ನಿಷೇಧ, ಸುಂಕ, ಕೋಟಾ' ಎಂದು ಸೇರಿಸಿದರು.

ಕಡೆಯ ಕಲಮು ವ್ಯಾಜ್ಯದ್ದು: ಮಧ್ಯಸ್ಥಿಕೆಯ ಪಂಚಾಯ್ತಿ ಸಿಂಗಪುರದಲ್ಲಿ. "ಅಷ್ಟು ದೂರದ ತೀರ್ಪು ನಮ್ಮೂರಿಗೆ ಬರ್ತದಾ?" ಎಂದರು ಗೌಡರು. ಬರುತ್ತದೆ. 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಭಾರತವೂ ಸೇರಿದೆ. ಅಲ್ಲಿನ ತೀರ್ಪನ್ನು 1996ರ ಮಧ್ಯಸ್ಥಿಕೆ ಕಾಯ್ದೆಯಡಿ ಇಲ್ಲಿನ ಹೈಕೋರ್ಟಿನ ಮೂಲಕ ಜಾರಿ ಮಾಡಿಸಬಹುದು. ಗೌಡರು ತುಸು ಹೊತ್ತು ಮಾತಾಡಲಿಲ್ಲ. ಸ್ಥಳ ಬೆಂಗಳೂರಾಗಲಿ, ಒಪ್ಪದಿದ್ದರೆ ವಿಚಾರಣೆ ಆನ್‌ಲೈನಿನಲ್ಲಿ ನಡೆಯಲಿ ಎಂದು ಕೇಳುವುದೆಂದು ತೀರ್ಮಾನವಾಯಿತು.

ಹೀಗೆ ಕೂತು ಓದಿ ಹೇಳುವವರು ಪ್ರತಿ ತಾಲ್ಲೂಕಿನಲ್ಲೂ ಸಿಗಬೇಕು. ಬೀಜ, ಗೊಬ್ಬರದ ಸಲಹೆ ಕೊಡುವ ಇಲಾಖೆಗಳು ಸಹಿಗೆ ಮುಂಚಿನ ಈ ಒಂದು ಗಂಟೆಯನ್ನೂ ತಮ್ಮ ಕೆಲಸವೆಂದೇ ಹಚ್ಚಿಕೊಳ್ಳಬೇಕು. ಕೋರ್ಟಿನಲ್ಲಿ ಹೋರಾಡುವ ವಕೀಲರು ನಮ್ಮಲ್ಲಿ ಬೇಕಾದಷ್ಟಿದ್ದಾರೆ; ಕೋರ್ಟು ಹತ್ತದಂತೆ ನೋಡಿಕೊಳ್ಳುವವರು ರೈತನ ಕೈಗೆ ಸಿಗುವುದು ಅಪರೂಪ.

ತಿದ್ದಿದ ಕರಾರು ಮೇಲ್‌ನಲ್ಲಿ ಹೋಯಿತು. ಗೌಡರು ಚೀಲ ಹೆಗಲಿಗೇರಿಸುವಾಗ ವಕೀಲೆ ಮತ್ತೊಮ್ಮೆ ಎಚ್ಚರಿಸಿದರು: "ಅವರ ಒಪ್ಪಿಗೆ ಬರಹದಲ್ಲಿ ಬರೋವರೆಗೂ ಲಾರಿಗೆ ಒಂದು ಮೂಟೆನೂ ಹತ್ತಿಸ್ಬೇಡಿ."